ಕೊನೆಯಲ್ಲಿ ಬರುವವನ ಹತ್ತು ನಿಮಿಷ: ವೈಟ್ ರಿಮ್‌ನಲ್ಲಿ ನಮ್ಮ ಗುಂಪಿಗೆ ಆದದ್ದು

2023ರ ಜೂನ್ ಮೊದಲ ವಾರ. ಅಮೆರಿಕದ ಯೂಟಾ ರಾಜ್ಯದಲ್ಲಿರುವ ವೈಟ್ ರಿಮ್ ರೋಡ್. ಮಧ್ಯಾಹ್ನ ಎರಡೂವರೆ ಹೊತ್ತಿಗೆ ನಮ್ಮ ಭಾವ ಒಂದು ಬಂಡೆಯ ನೆರಳಲ್ಲಿ ವಾಂತಿ ಮಾಡಿಕೊಂಡು ಕೂತಿದ್ದರು. ಬೈಕ್ ಪಕ್ಕದಲ್ಲೇ ಮಗುಚಿ ಬಿದ್ದಿತ್ತು. ಬೆನ್ನಿಗೆ ಹಾಕಿದ್ದ ಮೂರು ಲೀಟರಿನ ನೀರಿನ ಚೀಲದಲ್ಲಿ ಎರಡೂವರೆ ಲೀಟರ್ ಹಾಗೇ ಇತ್ತು. ನೀರು ಬೆನ್ನ ಮೇಲೇ ಇದ್ದ ಮನುಷ್ಯ ನೀರಿಲ್ಲದೆ ಹೇಗೆ ಬಿದ್ದರು ಅನ್ನೋದನ್ನು ಪೂರ್ತಿ ಬರೆದಿಡಬೇಕು ಅಂತ ಆವಾಗಿಂದ ಅನ್ನಿಸುತ್ತಿತ್ತು. ಪ್ಲಾನ್ ಮಾಡಿದ್ದು ನಾನು. ಮುಂದೆ ನಿಂತು ಗುಂಪು ನಡೆಸಿದ್ದೂ ನಾನೇ.

ಗುಂಪಿನಲ್ಲಿ ಐದು ಜನ. ನಾನು, ಭಾವ, ತೀರ್ಥಹಳ್ಳಿಯ ಒಬ್ಬ ಹುಡುಗ, ಮಂಡ್ಯದ ಒಬ್ಬ ಗೆಳೆಯ, ಧಾರವಾಡದ ಒಬ್ಬ ಗೆಳತಿ. ಭಾವ ಅಂದರೆ ಅಕ್ಕನ ಗಂಡ, ವಯಸ್ಸು 54, ಹಾಸನದ ಕಡೆಯವರು, ಇಪ್ಪತ್ತು ವರ್ಷದಿಂದ ಫೀನಿಕ್ಸ್‌ನಲ್ಲಿದ್ದಾರೆ. ಊರಲ್ಲಿ ಬುಲೆಟ್ ಓಡಿಸಿ ಬೆಳೆದವರು, ಲಡಾಖ್‌ಗೆ ಎರಡು ಸಲ ಹೋಗಿ ಬಂದವರು. ತೀರ್ಥಹಳ್ಳಿ ಹುಡುಗನಿಗೆ 27, ಮಣ್ಣಿನ ಟ್ರ್ಯಾಕ್‌ನಲ್ಲೇ ಬೈಕ್ ಕಲಿತವನು. ಧಾರವಾಡದವಳು ಐಸಿಯುನಲ್ಲಿ ನರ್ಸ್. ಅವಳು ಅವತ್ತು ಜೊತೆಯಲ್ಲಿ ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತೋ ಅಂತ ಯೋಚಿಸಲು ನನಗೆ ಇವತ್ತಿಗೂ ಧೈರ್ಯ ಇಲ್ಲ.

ಜಾಗ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೋವಾಬ್ ಅನ್ನೋ ಊರಿನ ಹತ್ತಿರ ಕ್ಯಾನಿಯನ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್ ಇದೆ, 1964ರಲ್ಲಿ ಆದದ್ದು. ಕೊಲರಾಡೊ ನದಿ ಒಂದು ಕಡೆ, ಗ್ರೀನ್ ನದಿ ಇನ್ನೊಂದು ಕಡೆ, ಎರಡರ ನಡುವೆ ಮೇಜಿನ ಹಾಗೆ ಎದ್ದು ನಿಂತಿರುವ ಚಪ್ಪಟೆ ಗುಡ್ಡ. ಅದಕ್ಕೆ ಐಲ್ಯಾಂಡ್ ಇನ್ ದ ಸ್ಕೈ ಅಂತ ಹೆಸರು. ಗುಡ್ಡದ ಅಂಚಿನಿಂದ ಸುಮಾರು 1,200 ಅಡಿ ಕೆಳಗೆ ಬಿಳಿ ಮರಳುಗಲ್ಲಿನ ಒಂದು ಜಗಲಿ ಸುತ್ತಲೂ ಹಬ್ಬಿಕೊಂಡಿದೆ. ಅದೇ ವೈಟ್ ರಿಮ್. ನದಿಗಳು ಅದಕ್ಕಿಂತ ಇನ್ನೂ ಸಾವಿರ ಅಡಿ ಕೆಳಗೆ. ಆ ಜಗಲಿಯ ಮೇಲೇ ದಾರಿ. 1950ರ ದಶಕದಲ್ಲಿ ಯುರೇನಿಯಂ ಹುಡುಕಲು ಅಮೆರಿಕದ ಅಣುಶಕ್ತಿ ಆಯೋಗ ಮಾಡಿಸಿದ್ದು. ಒಂದು ಸುತ್ತು ನೂರು ಮೈಲಿ. ದಾರಿಯುದ್ದಕ್ಕೂ ಕುಡಿಯುವ ನೀರಿಲ್ಲ, ಪೆಟ್ರೋಲ್ ಇಲ್ಲ, ಬಹುತೇಕ ಕಡೆ ಫೋನ್ ಸಿಗ್ನಲ್ ಇಲ್ಲ, ನೆರಳೂ ಅಷ್ಟಕ್ಕಷ್ಟೇ. ಅಲ್ಲಲ್ಲಿ ಅಂಚಿಗೆ ಹೋಗಿ ಬಗ್ಗಿ ನೋಡಿದರೆ ನದಿಯ ಕಣಿವೆ ಕಾಣುತ್ತೆ, ಆದರೆ ಅಲ್ಲಿಂದ ನೀರಿನ ಹತ್ತಿರ ಹೋಗಲು ಆಗಲ್ಲ.

ಪ್ಲಾನ್ ಮಾಡುವಾಗ ನಾನು ತಲೆ ಕೆಡಿಸಿಕೊಂಡದ್ದು ಪೆಟ್ರೋಲ್ ಬಗ್ಗೆ. ಬಾಡಿಗೆಗೆ ತಗೊಂಡ 400 ಸಿಸಿ ಬೈಕ್‌ಗಳ ಟ್ಯಾಂಕ್ ಹತ್ತು ಲೀಟರಿನದು. ನೂರು ಮೈಲಿ ಸುತ್ತು, ಮೇಲೆ ಮೋವಾಬ್‌ನಿಂದ ಹೋಗಿ ಬರೋದಕ್ಕೆ 60 ಮೈಲಿ. ಅಂದರೆ 250 ಕಿಲೋಮೀಟರ್ ದಾಟುತ್ತೆ. ಹಾಗಾಗಿ ಎಲ್ಲರಿಗೂ ನಾಲ್ಕು ಲೀಟರಿನ ಒಂದೊಂದು ಕ್ಯಾನ್. ಪರ್ಮಿಟ್ ಮುಂಚೆಯೇ ತೆಗೆದಿದ್ದೆ, ಒಂದೇ ದಿನದ ಸವಾರಿಗೂ ಅಲ್ಲಿ ಪ್ರತಿ ಬೈಕ್‌ಗೂ ಪರ್ಮಿಟ್ ಬೇಕು. ಟ್ಯೂಬ್, ಟೈರ್ ಲಿವರ್, ಪಂಪು, ಔಷಧಿ ಡಬ್ಬಿ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಣ್ಣ ಯಂತ್ರ, ಎಲ್ಲಾ ಇತ್ತು. ನೀರಿನ ಬಗ್ಗೆ ನಾನು ಹೇಳಿದ್ದು ಒಂದೇ ಮಾತು: "ತಲೆಗೆ ಆರು ಲೀಟರ್ ಇರಲಿ." ಎಲ್ಲರೂ ತಂದಿದ್ದರು. ಮೂರು ಲೀಟರ್ ಬೆನ್ನ ಮೇಲೆ, ಮೂರು ಬಾಟಲಿಗಳಲ್ಲಿ. ಎಷ್ಟು ತಂದಿದ್ದೀರಿ ಅಂತ ಎಲ್ಲರನ್ನೂ ಕೇಳಿದೆ. ಹೇಗೆ ಕುಡಿಯುತ್ತೀರಿ ಅಂತ ಒಬ್ಬರನ್ನೂ ಕೇಳಲಿಲ್ಲ.

ಬೆಳಿಗ್ಗೆ ಆರೂವರೆಗೆ ಮೋವಾಬ್ ಬಿಟ್ಟೆವು. ಗುಡ್ಡದ ಮೇಲೆ ಚಳಿ ಇತ್ತು, ಮಂಡ್ಯದವನು ಕೈಗವಸು ಎರಡು ಜೊತೆ ಹಾಕಿಕೊಂಡಿದ್ದ. ಎಂಟೂವರೆಗೆ ಶೇಫರ್ ಟ್ರೇಲ್ ಇಳಿಯಲು ಶುರು ಮಾಡಿದೆವು. ಹಿಂದೆ ದನ ಹೊಡೆಯುತ್ತಿದ್ದ ದಾರಿ ಅದು, ಆಮೇಲೆ ಯುರೇನಿಯಂ ಲಾರಿಗಳಿಗಾಗಿ ಅಗಲ ಮಾಡಿದ್ದು. ಗೋಡೆಯಂಥ ಕಲ್ಲಿಗೆ ಅಂಟಿಕೊಂಡು ಹೇರ್‌ಪಿನ್ ಮೇಲೆ ಹೇರ್‌ಪಿನ್. ಚಾರ್ಮಾಡಿ ಘಾಟಿಯ ಮರಗಳನ್ನೆಲ್ಲಾ ತೆಗೆದು, ಟಾರು ಕಿತ್ತು, ತಡೆಗೋಡೆಯನ್ನೂ ಬೀಳಿಸಿದರೆ ಹೇಗಿರುತ್ತೋ ಹಾಗೆ. ಭಾವ ಪೂರ್ತಿ ಕೂತೇ ಇಳಿದರು, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಹಿಂದಿನ ಬ್ರೇಕ್ ಒತ್ತಿಕೊಂಡು. ರಸ್ತೆಯಲ್ಲಿ ಬುಲೆಟ್ ಓಡಿಸಿದವರ ಅಭ್ಯಾಸ ಅದು. ಮಣ್ಣಿನಲ್ಲಿ ನಿಂತು ಓಡಿಸಬೇಕು, ಮೊಣಕಾಲು ಸಡಿಲ ಬಿಟ್ಟು, ಬೈಕ್ ಅಲುಗಾಡಿದರೆ ಅಲುಗಾಡಲಿ ಅಂತ ಬಿಡಬೇಕು. ಇಲ್ಲದಿದ್ದರೆ ಪ್ರತಿ ಕುಲುಕಾಟವೂ ತೋಳಿಗೆ ಬರುತ್ತೆ. ಕೆಳಗೆ ಬಂದು ನಿಂತಾಗ ಅವರು ಬೆರಳು ಮಡಚಿ ಬಿಚ್ಚಿ ಮಾಡುತ್ತಿದ್ದರು. ನೋಡಿದೆ. ಏನೂ ಹೇಳಲಿಲ್ಲ. ಅಕ್ಕನ ಮದುವೆಯಲ್ಲಿ ನನಗೆ ಹದಿನಾಲ್ಕು ವರ್ಷ, ಬೈಕ್ ಓಡಿಸಲು ಕಲಿಸಿದ್ದೇ ಅವರು. ಅವರಿಗೆ ನಾನು ಬೈಕ್ ಓಡಿಸೋದು ಹೇಗೆ ಅಂತ ಹೇಳೋದಾ?

ಇಲ್ಲಿಂದ ಮುಂದಿನದನ್ನು ನೆನಪಿನಿಂದ ಹೇಳುತ್ತಿಲ್ಲ. ಮನೆಗೆ ಬಂದ ಮೇಲೆ ಐದೂ ಜನರ ಫೋನ್‌ನಲ್ಲಿದ್ದ ಜಿಪಿಎಸ್ ಟ್ರ್ಯಾಕ್ ತೆಗೆದುಕೊಂಡು ಒಂದರ ಪಕ್ಕ ಒಂದಿಟ್ಟು ನೋಡಿದೆ. ಎಲ್ಲಿ ಯಾರು ಎಷ್ಟು ಹೊತ್ತು ನಿಂತಿದ್ದರು ಅನ್ನೋದು ನಿಮಿಷದ ಲೆಕ್ಕದಲ್ಲಿ ಸಿಕ್ಕಿತು.

ಮೊದಲ ನಿಲುಗಡೆ ಮಸಲ್‌ಮನ್ ಆರ್ಚ್, ಕಣಿವೆಯ ಮೇಲೆ ಸೇತುವೆಯಂತೆ ಚಾಚಿರುವ ಕಲ್ಲು. ನಾವು ಮುಂದಿನವರು 25 ನಿಮಿಷ ನಿಂತೆವು. ಭಾವನಿಗೆ ಸಿಕ್ಕಿದ್ದು 12, ಅದರಲ್ಲಿ ಅರ್ಧ ಫೋಟೋಗೆ ಹೋಯಿತು. ಗೂಸ್‌ಬೆರಿ ಹತ್ತಿರ ನಮಗೆ 20, ಅವರಿಗೆ 6. ವೈಟ್ ಕ್ರ್ಯಾಕ್ ತಿರುವಿನಲ್ಲಿ ನಮಗೆ 25, ಅವರಿಗೆ 4. ಮರ್ಫಿ ಹಾಗ್‌ಬ್ಯಾಕ್ ನೆತ್ತಿಯಲ್ಲಿ ನಮಗೆ 30, ಅವರಿಗೆ 7. ಒಟ್ಟು ನಮಗೆ ನೂರು ನಿಮಿಷ, ಭಾವನಿಗೆ 29.

ಯಾರೂ ಬೇಕಂತ ಮಾಡಿದ್ದಲ್ಲ. ನಾವು ಹೋಗಿ ನಿಲ್ಲುತ್ತಿದ್ದೆವು, ಹೆಲ್ಮೆಟ್ ತೆಗೆದು, ನೀರು ಕುಡಿದು, ಖರ್ಜೂರ ತಿಂದು, ಕಾಲು ಚಾಚಿ ಕೂರುತ್ತಿದ್ದೆವು. ದೂರದಲ್ಲಿ ಧೂಳು ಕಾಣುತ್ತಿತ್ತು. ಭಾವ ಬಂದರು ಅಂತ ಎದ್ದು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೆವು. ಅವರು ಬಂದು ನೋಡಿದರೆ ಎಲ್ಲರೂ ತಯಾರು. ಸರಿ, ನನ್ನಿಂದ ತಡ ಆಗ್ತಿದೆ ಅಂದುಕೊಂಡು ಅವರು ಬೈಕ್‌ನಿಂದ ಇಳಿಯುತ್ತಲೇ ಇರಲಿಲ್ಲ. ನಾನು "ಆಯ್ತಾ ಭಾವ, ಹೊರಡೋಣ್ವಾ?" ಅಂತ ಕೇಳುತ್ತಿದ್ದೆ. ಅವರು "ಹೂಂ ಕಣೋ, ನಡಿ ನಡಿ" ಅನ್ನುತ್ತಿದ್ದರು. ಅತಿ ಜಾಸ್ತಿ ದಣಿದವನಿಗೆ ಅತಿ ಕಡಿಮೆ ವಿಶ್ರಾಂತಿ. ನಾಲ್ಕು ಸಲ ಹೀಗೇ ಆಯ್ತು, ನಾಲ್ಕು ಸಲವೂ ನಾನು ಅವರಿಗಾಗಿ ಕಾದೆ ಅಂತಲೇ ಅಂದುಕೊಂಡಿದ್ದೆ.

ಇನ್ನು ನೀರಿನ ವಿಷಯ. ಬೆನ್ನ ಚೀಲದಿಂದ ಒಂದು ಕೊಳವೆ ಭುಜದ ಮೇಲೆ ಬರುತ್ತೆ, ತುದಿಯನ್ನು ಕಚ್ಚಿ ಎಳೆದರೆ ನೀರು ಬಾಯಿಗೆ. ನಮ್ಮ ನಾಲ್ವರ ಹೆಲ್ಮೆಟ್ ಮಣ್ಣಿನ ದಾರಿಗೆ ಅಂತಲೇ ಮಾಡಿದ್ದು, ಗಲ್ಲದ ಭಾಗ ಮುಂದಕ್ಕೆ ಚಾಚಿರುತ್ತೆ, ಕೊಳವೆ ಸಲೀಸಾಗಿ ಒಳಗೆ ಹೋಗುತ್ತೆ. ಭಾವನದು ರಸ್ತೆಯ ಫುಲ್‌ಫೇಸ್ ಹೆಲ್ಮೆಟ್. ಗಲ್ಲಕ್ಕೆ ಬಿಗಿಯಾಗಿ ಕೂರುತ್ತೆ, ಕೊಳವೆ ಬಾಯಿ ಮುಟ್ಟೋದೇ ಇಲ್ಲ. ಕುಡಿಯಬೇಕು ಅಂದರೆ ಕೈಗವಸು ಬಿಚ್ಚಬೇಕು, ಕನ್ನಡಕ ತೆಗೆಯಬೇಕು, ಹೆಲ್ಮೆಟ್ ತೆಗೆಯಬೇಕು, ಆಮೇಲೆ ಎಲ್ಲವನ್ನೂ ಮತ್ತೆ ಹಾಕಿಕೊಳ್ಳಬೇಕು. ಅಷ್ಟು ಮಾಡೋಕೆ ನಾಲ್ಕು ನಿಮಿಷವಾದರೂ ಬೇಕು. ವೈಟ್ ಕ್ರ್ಯಾಕ್‌ನಲ್ಲಿ ಅವರಿಗೆ ಸಿಕ್ಕಿದ್ದೇ ನಾಲ್ಕು ನಿಮಿಷ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅಕ್ಷರಶಃ ಅದೇ.

ಅವರಿಗೆ ಬಾಯಾರಿಕೆ ಗೊತ್ತಾಗಲಿಲ್ವಾ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಗೊತ್ತಾಗಿತ್ತು. ಆದರೆ ಬೆವರು ಬರ್ತಿಲ್ಲ, ಹಾಗಾಗಿ ಅಷ್ಟೇನೂ ನೀರು ಹೋಗಿಲ್ಲ ಅಂದುಕೊಂಡಿದ್ದರಂತೆ. ಮಂಗಳೂರಿನಲ್ಲಿ ಬೆವರು ಅಂಗಿಗೆ ಅಂಟಿ ಇಳಿಯುತ್ತೆ, ಕಾಣುತ್ತೆ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತೆ. ಬೈಕ್ ಓಡುತ್ತಿದ್ದರಂತೂ ಕೇಳಲೇಬೇಡಿ. ಮುಖದ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತೆ. ಫೀನಿಕ್ಸ್ ಕೂಡ ಮರುಭೂಮಿಯೇ, ಆದರೆ ಅಲ್ಲಿ ಅವರ ದಿನವೆಲ್ಲಾ ಎಸಿಯಲ್ಲೇ ಕಳೆಯುತ್ತೆ.

ಹಾಗ್‌ಬ್ಯಾಕ್ ಅಂದರೆ ದಾರಿಗೆ ಅಡ್ಡ ನಿಂತಿರುವ ಒಂದು ದಿಣ್ಣೆ, ಹತ್ತುವ ದಾರಿ ಕಡಿದು, ಮೆಟ್ಟಿಲಿನಂಥ ಕಲ್ಲು, ಮೇಲೆ ಸಡಿಲ ಜಲ್ಲಿ. ಭಾವ ಅಲ್ಲಿ ಎರಡು ಸಲ ಬಿದ್ದಿದ್ದರು. ಹತ್ತಿರ ಹತ್ತಿರ 140 ಕೆಜಿ ಬೈಕನ್ನು ಇಳಿಜಾರಿನಲ್ಲಿ ಒಬ್ಬರೇ ಎತ್ತಿ ನಿಲ್ಲಿಸಿದ್ದರು, ಅದೂ ಎರಡು ಸಲ, ನನ್ನ ಗಡಿಯಾರದ ಥರ್ಮಾಮೀಟರ್ 39 ಡಿಗ್ರಿ ತೋರಿಸುತ್ತಿದ್ದಾಗ. ನಾವು ನಾಲ್ವರೂ ನೆತ್ತಿಯಲ್ಲಿ ಕೂತಿದ್ದೆವು, ಅವರು ಬಿದ್ದ ತಿರುವು ಅಲ್ಲಿಂದ ಕಾಣಲ್ಲ. ಮೇಲೆ ಬಂದಾಗ ಎಡ ತೋಳೆಲ್ಲಾ ಕೆಂಪು ಮಣ್ಣು. ತೀರ್ಥಹಳ್ಳಿ ಹುಡುಗ "ಬಿದ್ರಾ ಅಂಕಲ್?" ಅಂದ. "ಏನಿಲ್ಲಪ್ಪ, ಸುಮ್ನೆ ಒರಗಿಸಿದೆ" ಅಂದರು. ಏಳು ನಿಮಿಷಕ್ಕೆ ಹೊರಟೆವು.

ಮುಂದಿನ ನಿಲುಗಡೆಗೆ ನಾವು ಬಂದಾಗ 1:50. ಹತ್ತು ನಿಮಿಷ ಆಯ್ತು, ಧೂಳು ಕಾಣಲಿಲ್ಲ. ಹದಿನೈದು ಆಯ್ತು. ಇಷ್ಟು ಹೊತ್ತಿಗೆ ತಿರುಗಿ ಹೋಗಬೇಕಿತ್ತು, ನಾನು 25 ನಿಮಿಷ ಕಾದೆ. ಯಾಕೆ ಅಂದರೆ, ಹುಡುಕಿಕೊಂಡು ಹೋದರೆ ಭಾವನಿಗೆ ಬೇಜಾರಾಗುತ್ತೆ ಅಂತ. ಉಪಗ್ರಹದ ಯಂತ್ರ ನನ್ನ ಜೇಬಲ್ಲಿ. ಔಷಧಿ ಡಬ್ಬಿ ಧಾರವಾಡದವಳ ಬ್ಯಾಗಲ್ಲಿ. ಟ್ಯೂಬ್, ಪಂಪು ಮಂಡ್ಯದವನ ಹತ್ತಿರ. ಬೇಕಾದದ್ದೆಲ್ಲಾ ಗುಂಪಿನ ಮುಂದುಗಡೆಯೇ ಇತ್ತು, ಹಿಂದೆ ಉಳಿದವರ ಹತ್ತಿರ ಒಂದು ಪೀಪಿಯೂ ಇರಲಿಲ್ಲ.

ಮೂರು ಮೈಲಿ ಹಿಂದೆ ಸಿಕ್ಕರು. ಮುಖ ಬಿಳಿಚಿಕೊಂಡಿತ್ತು. ತಲೆ ಸಿಡಿಯುತ್ತಿದೆ ಅಂದರು, ಮೀನಖಂಡ ಹಿಡಿದುಕೊಂಡಿತ್ತು. ಜಾಕೆಟ್ ಜಿಪ್ ಎಳೆದಾಗ ಒಳಗಿನ ಟೀ ಶರ್ಟ್ ನೀರಲ್ಲಿ ಅದ್ದಿ ತೆಗೆದ ಹಾಗೆ ಒದ್ದೆ, ಚರ್ಮ ತಣ್ಣಗೆ. ಧಾರವಾಡದವಳು ನನ್ನ ಹಿಂದೆಯೇ ಬಂದಿದ್ದಳು. ಬೈಕ್ ಸ್ಟ್ಯಾಂಡ್ ಹಾಕಿದಳೋ ಇಲ್ಲವೋ, ನೇರ ಹೋಗಿ ಅವರ ಕೈ ಹಿಡಿದು ನಾಡಿ ನೋಡಿದಳು.

"ಅಣ್ಣಾರ, ನನ್ನ ಕಡೆ ನೋಡ್ರಿ. ಇವತ್ತ ಯಾವ ವಾರ?"

"ಶನಿವಾರ."

"ಮಗಳ ಹೆಸರೇನ್ರಿ?"

ಹೇಳಿದರು. ನಿಧಾನಕ್ಕೆ, ಆದರೆ ಸರಿಯಾಗಿ. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ವಿವರಿಸಿದಳು: ಬಿಸಿಲಿನ ಬಳಲಿಕೆಯಲ್ಲಿ ತಲೆನೋವು, ವಾಂತಿ, ಸೆಳೆತ ಎಲ್ಲಾ ಇದ್ದರೂ ಬುದ್ಧಿ ಸ್ವಾಧೀನದಲ್ಲಿರುತ್ತೆ. ಮಾತು ತಪ್ಪಿದರೆ, ಎಲ್ಲಿದ್ದೀನಿ ಅಂತ ಗೊತ್ತಾಗದಿದ್ದರೆ ಅದು ಉಷ್ಣಾಘಾತ, ಮೈ ಒಳಗಿನ ಶಾಖ 40 ಡಿಗ್ರಿ ದಾಟಿರುತ್ತೆ, ಆಗ ಪ್ರತಿ ನಿಮಿಷವೂ ಲೆಕ್ಕ. ಭಾವ ಇನ್ನೂ ಈ ಕಡೆ ಇದ್ದರು.

ಬೂಟು, ಜಾಕೆಟ್, ಮೊಣಕಾಲಿನ ಪ್ಯಾಡ್ ಎಲ್ಲಾ ಬಿಚ್ಚಿ ಮಲಗಿಸಿ, ಕಾಲು ಬ್ಯಾಗಿನ ಮೇಲೆ ಎತ್ತಿಟ್ಟೆವು. ಆಗಲೇ ಆ ನೀರಿನ ಚೀಲ ತೆಗೆದದ್ದು. ಕೈಗೆ ಎಷ್ಟು ಭಾರ ಬಂತು ಅಂದರೆ ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಬಾಯಿ ತೆರೆದು ನೋಡಿದರೆ ಮೂರರಲ್ಲಿ ಎರಡೂವರೆ ಹಾಗೇ ಇದೆ, ಸ್ನಾನದ ನೀರಿನಷ್ಟು ಬಿಸಿ. ಆ ನೀರನ್ನೇ ಎದೆಗೆ, ಕುತ್ತಿಗೆಗೆ, ತೊಡೆಗೆ ಹಾಕಿದೆವು. ಬಿಸಿನೀರು ತಂಪು ಮಾಡುತ್ತಾ ಅಂತ ಅನುಮಾನ ಬಂದಿತ್ತು. ಒಣ ಗಾಳಿಯಲ್ಲಿ ಬೀಸಿದರೆ ನೀರು ಆವಿಯಾಗುವಾಗ ಮೈ ಶಾಖ ತಗೊಂಡೇ ಹೋಗುತ್ತೆ, ಮಣ್ಣಿನ ಮಡಕೆ ಮಾಡೋ ಕೆಲಸವೇ ಅದು. ಮಂಡ್ಯದವನೂ ಹುಡುಗನೂ ಮ್ಯಾಪ್ ಮಡಚಿ ಎರಡೂ ಕಡೆಯಿಂದ ಬೀಸುತ್ತಾ ಕೂತರು. ಭಾವನಿಗೆ ಐದು ನಿಮಿಷಕ್ಕೆ ನಡುಕ ಬರೋಷ್ಟು ತಂಪಾಯಿತು. ಕುಡಿಯಲು ಓಆರ್‌ಎಸ್ ಪುಡಿ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ. ಊರಿಂದ ಬರುವಾಗ ಅಮ್ಮ ಸೂಟ್‌ಕೇಸಿಗೆ ತುಂಬಿದ್ದ ಪೊಟ್ಟಣಗಳು. ಗುಟುಕು ಗುಟುಕಾಗಿ, ವಾಂತಿ ಬಂದರೆ ಐದು ನಿಮಿಷ ಬಿಟ್ಟು ಮತ್ತೆ.

ಆಗ ಅವಳು ಕೇಳಿದಳು, "ಗುಳಿಗಿ ಏನರ ತಗೋತೀರೇನ್ರಿ?" ಬಿಪಿ ಮಾತ್ರೆ ಅಂದರು. ಯಾವುದು ಅಂತ ವಿಚಾರಿಸಿದರೆ, ಮೂತ್ರ ಜಾಸ್ತಿ ಮಾಡಿಸಿ ಬಿಪಿ ಇಳಿಸುವ ಜಾತಿಯದು. ಅಂಥ ಮಾತ್ರೆ ತಗೊಳ್ಳುವವರಿಗೆ ಬಿಸಿಲಿನಲ್ಲಿ ನೀರು, ಉಪ್ಪು ಎರಡೂ ಬೇಗ ಕಮ್ಮಿ ಆಗುತ್ತೆ. ಬೆಳಿಗ್ಗೆ ಆರಕ್ಕೆ ನುಂಗಿ ಹೊರಟಿದ್ದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅಕ್ಕನಿಗೆ ಮಾತ್ರ ಗೊತ್ತಿತ್ತು.

ಅಕ್ಕನ ವಿಷಯ ಬಂತಲ್ಲ. ಯಂತ್ರ ಕೈಯಲ್ಲಿ ಹಿಡಿದು ಹತ್ತು ನಿಮಿಷ ಕೂತಿದ್ದೆ. ಎಸ್‌ಒಎಸ್ ಗುಂಡಿ ಒತ್ತಿದರೆ ಸಹಾಯ ಕೇಂದ್ರಕ್ಕೆ ಹೋಗುತ್ತೆ. ಒತ್ತಲು ಧಾರವಾಡದವಳು ಒಂದು ಗಡುವು ಹಾಕಿದಳು: ಮುಕ್ಕಾಲು ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ, ಇಲ್ಲವೇ ಮಾತು ಒಂದೇ ಒಂದು ಸಲ ತಪ್ಪಿದರೂ, ಯಾರನ್ನೂ ಕೇಳದೆ ಒತ್ತೋದು. ಗಡುವು ಹಾಕಿದ್ದು ಅವತ್ತು ನಾವು ಮಾಡಿದ ಅತ್ಯಂತ ಒಳ್ಳೆ ಕೆಲಸ ಅಂತ ನನ್ನ ಲೆಕ್ಕ. ಇಲ್ಲದಿದ್ದರೆ "ಇನ್ನೊಂದು ಸ್ವಲ್ಪ ನೋಡೋಣ" ಅಂತ ಸಂಜೆ ಮಾಡಿಬಿಡುತ್ತಿದ್ದೆವು. ಅಕ್ಕನಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸಿದೆ: ಭಾವನಿಗೆ ಬಿಸಿಲು ಬಡಿದಿದೆ, ಮಾತಾಡ್ತಿದ್ದಾರೆ, ನರ್ಸ್ ಜೊತೆಗಿದ್ದಾಳೆ, ಅರ್ಧ ಗಂಟೆಗೊಮ್ಮೆ ಬರೀತೀನಿ. ಒಂಬತ್ತು ನಿಮಿಷಕ್ಕೆ ಉತ್ತರ ಬಂತು: "ಬೈಕ್ ಮುಟ್ಟಿಸಬೇಡ."

ಮೂರೂಕಾಲಕ್ಕೆ ಎದ್ದು ಕೂತರು, ಬಣ್ಣ ಬಂದಿತ್ತು. ಈಗ ಏನು ಮಾಡೋದು ಅನ್ನೋ ಪ್ರಶ್ನೆ. ಹಿಂದಕ್ಕೆ ಹೋದರೆ ಹತ್ತಿರ ಹತ್ತಿರ 50 ಮೈಲಿ, ಮತ್ತೆ ಅದೇ ಹಾಗ್‌ಬ್ಯಾಕ್, ಕೊನೆಯಲ್ಲಿ ಶೇಫರ್ ಏರು. ಮುಂದಕ್ಕೆ, ದಾರಿ ಮತ್ತೆ ಗುಡ್ಡ ಹತ್ತಿ ಹೊರಬೀಳುವ ಮಿನರಲ್ ಬಾಟಮ್‌ಗೆ 25 ಮೈಲಿ ಚಿಲ್ಲರೆ, ನಡುವೆ ಹಾರ್ಡ್‌ಸ್ಕ್ರ್ಯಾಬಲ್ ಅನ್ನೋ ಇಕ್ಕಟ್ಟಿನ ಏರು. ಭಾವ ತಾವೇ ಓಡಿಸುತ್ತೀನಿ ಅಂದರು. ಬಾಡಿಗೆ ಬೈಕ್, ಮುಂಗಡ ಕಟ್ಟಿದ್ದೀವಿ, ಇಲ್ಲಿ ಬಿಟ್ಟರೆ ಎಳೆದು ತರೋದಕ್ಕೇ ಸಾವಿರ ಡಾಲರ್ ದಾಟುತ್ತೆ ಅಂತ ಅವರಿಗೂ ಗೊತ್ತಿತ್ತು. ಮಂಡ್ಯದವನು ಹಿಂದೆ ಕೂರಿಸಿಕೊಂಡು ಹೋಗ್ತೀನಿ ಅಂದ. ಧಾರವಾಡದವಳು ಎರಡಕ್ಕೂ ಒಪ್ಪಲಿಲ್ಲ. ಒಮ್ಮೆ ಬಳಲಿದ ಮೈ ಮತ್ತೆ ಬಿಸಿಲು ತಾಳಲ್ಲ, ಚೇತರಿಸಿಕೊಂಡ ಹಾಗೆ ಕಾಣುತ್ತೆ ಅಷ್ಟೇ, ಇನ್ನೊಂದು ಸಲ ಬಿದ್ದರೆ ಬೈಕ್ ಮೇಲಿಂದ ಬೀಳುತ್ತಾರೆ ಅಂದಳು. ನಾನು ಭಾವನಿಗೆ ಜೀವನದಲ್ಲಿ ಮೊದಲ ಸಲ "ಇಲ್ಲ" ಅಂದೆ. ಅವರು ನನ್ನ ಮುಖ ನೋಡಿ, ಆಮೇಲೆ ಬೈಕ್ ಕೀ ತೆಗೆದು ಕೈಗೆ ಕೊಟ್ಟರು.

ಅಲ್ಲೇ ಕಾಯೋದು, ಬಿಸಿಲು ಇಳಿದ ಮೇಲೆ ನೋಡೋದು, ಏನೂ ದಾರಿ ಕಾಣದಿದ್ದರೆ ಎಸ್‌ಒಎಸ್, ಅಂತ ತೀರ್ಮಾನ ಮಾಡಿದೆವು. ನಾಲ್ಕು ಗಂಟೆಗೆ ಹಿಂದಿನಿಂದ ಒಂದು ಜೀಪ್ ಬಂತು. ವಯಸ್ಸಾದ ಗಂಡ ಹೆಂಡತಿ. ನಾವು ಕೈ ಅಡ್ಡ ಹಾಕುವ ಮುಂಚೆಯೇ ನಿಲ್ಲಿಸಿದರು. ಅವರ ಡಬ್ಬಿಯ ತುಂಬಾ ಐಸ್. ಆ ತಾಯಿ ಐಸನ್ನು ಟವೆಲ್‌ನಲ್ಲಿ ಸುತ್ತಿ ಭಾವನ ಕುತ್ತಿಗೆಗೆ ಒತ್ತಿ ಹಿಡಿದು, ಏನೂ ಕೇಳದೆ ಜೀಪಿನ ಮುಂದಿನ ಸೀಟು ಖಾಲಿ ಮಾಡಿಕೊಟ್ಟರು. ಬೈಕನ್ನು ದಾರಿಯಿಂದ ಸರಿಸಿ ಗಟ್ಟಿ ಕಲ್ಲಿನ ಮೇಲೆ ನಿಲ್ಲಿಸಿದೆವು. ಪಕ್ಕದ ಮಣ್ಣಿನ ಮೇಲೆ ಕಪ್ಪಗೆ ಉಬ್ಬಿದ ಹೊರಪದರ ಇರುತ್ತೆ, ಅದು ಜೀವಂತ ಪದರ, ತುಳಿದರೆ ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು. ಬೈಕ್ ಬಾಡಿಗೆ ಕೊಟ್ಟವರಿಗೂ ಪಾರ್ಕಿನವರಿಗೂ ತಿಳಿಸಿ ಮಾರನೇ ದಿನ ಎಳೆಸಿದೆವು. ಖರ್ಚನ್ನು ಐದು ಜನ ಸಮ ಹಂಚಿಕೊಂಡೆವು. ಅದಕ್ಕೆ ಭಾವ ಒಪ್ಪಲಿಲ್ಲ, ಅಕ್ಕ ಒಪ್ಪಿಸಿದಳು.

ಆ ರಾತ್ರಿ ಡಾಕ್ಟರ್ ಡ್ರಿಪ್ ಹಾಕಿದರು, ರಕ್ತ ಪರೀಕ್ಷೆ ಮಾಡಿದರು, ಕಿಡ್ನಿಗೆ ಏನೂ ಆಗಿರಲಿಲ್ಲ.

2024ರ ಅಕ್ಟೋಬರ್‌ನಲ್ಲಿ ಅದೇ ಐದು ಜನ ಮತ್ತೆ ಹೋದೆವು. ಭಾವನೇ ಕೇಳಿದ್ದು. ಆ ವರ್ಷ ಅವರು ಫೀನಿಕ್ಸ್ ಹೊರವಲಯದ ಮರಳಿನಲ್ಲಿ ತಿಂಗಳಿಗೆ ಎರಡು ಭಾನುವಾರ ನಿಂತು ಓಡಿಸೋದನ್ನು ಕಲಿತಿದ್ದರು, ಕಲಿಸಿದ್ದು ತೀರ್ಥಹಳ್ಳಿ ಹುಡುಗ. ಹೆಲ್ಮೆಟ್ ಬದಲಾಗಿತ್ತು. ಮಾತ್ರೆಯ ಬಗ್ಗೆ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿದ್ದರು. ಎಲ್ಲರ ಮಾತ್ರೆಗಳ ಪಟ್ಟಿ ಎಲ್ಲರ ಹತ್ತಿರವೂ ಇತ್ತು. ಭಾವ ಎರಡನೇ ಸ್ಥಾನದಲ್ಲಿ, ನನ್ನ ಹಿಂದೆಯೇ, ಅವರು ಕನ್ನಡಿಯಲ್ಲಿ ಕಾಣೋವಷ್ಟೇ ನನ್ನ ವೇಗ. ಕೊನೆಯಲ್ಲಿ ಹುಡುಗ, ಯಂತ್ರ ಅವನ ಜೇಬಲ್ಲಿ. ನಿಲುಗಡೆಯ ಹತ್ತು ನಿಮಿಷ ಎಣಿಸೋಕೆ ಶುರು ಮಾಡೋದು ಕೊನೆಯವನು ಬಂದು ಹೆಲ್ಮೆಟ್ ತೆಗೆದು ಕೆಳಗಿಟ್ಟ ಮೇಲೆ.

ಹಾಗ್‌ಬ್ಯಾಕ್ ದಾಟಿ, ಹಳೇ ಬಂಡೆಯ ಹತ್ತಿರ ನಾನೇ ಬೈಕ್ ನಿಲ್ಲಿಸಿದೆ. ಭಾವ ಪಕ್ಕಕ್ಕೆ ಬಂದು ನಿಂತರು, ಇಂಜಿನ್ ಆಫ್ ಮಾಡಿದರು. ಕೊಳವೆ ಕಚ್ಚಿ ಎಳೆದರು. ಗೊರ ಗೊರ ಅಂತ ಬರೀ ಗಾಳಿ ಬಂತು.

"ಖಾಲಿ ಕಣೋ" ಅಂದರು. "ನಿನ್ ಬಾಟ್ಲಿ ತೆಗಿ."